ಇನ್ನೂರು ಫೂಟು

ಜೈಪಾಲನ ದಿನಕರ್ಮಗಳು ಮುಗಿದು ನೆಂಟರೆಲ್ಲ ಹೋದ ಮಾರನೆಯ ಮುಂಜಾನೆ ಓಣಿಗೆ ನೀರು ಬರುವ ಸರದಿ. ಜಹೀರಾಬಾದಿನ ಆ ಭಾಗದಲ್ಲಿ ಆರು ಗಂಟೆಗೆ ನಳ ಬಿಡುತ್ತಾರೆ, ಆರೂಮುಕ್ಕಾಲಿಗೆ ನಿಲ್ಲಿಸುತ್ತಾರೆ. ನಳದ ಎದುರಿಗೇ ಜೈಪಾಲನ ಪಿಕಪ್ ನಿಂತಿತ್ತು. ಅವನನ್ನು ಮಣ್ಣಿಗೆ ಒಯ್ದ ದಿನ ಯಾರೋ ತಂದು ಅಡ್ಡಾದಿಡ್ಡಿ ನಿಲ್ಲಿಸಿ ಹೋಗಿದ್ದರು. ಸಾವಿನ ಮನೆಯೆಂದು ಇಷ್ಟು ದಿನ ಸುಮ್ಮನಿದ್ದ ಹೆಂಗಸರು ಅಂದು ಕೊಡ ಹಿಡಿದು ಬಾಗಿಲಿಗೇ ಬಂದರು.

"ಲಚ್ಚಮ್ಮಕ್ಕ, ಗಾಡಿ ಒಂಚೂರು ಸರಸ್ತೀರೇನ್ರಿ? ಪೈಪು ಹಚ್ಚಾಕ ಜಾಗಾ ಇಲ್ಲ."

ಲಚ್ಚಮ್ಮ ಗಂಡನ ಕಡೆ ನೋಡಿದಳು. ಮೊಗಲಪ್ಪ ಬಸಿಯಲ್ಲಿನ ಚಹಾ ಮುಗಿಸಿಯೇ ಮಾತಾಡಿದ.

"ಆ ಗಾಡೀಗಿ ಯಾರೂ ಕೈ ಹಚ್ಚೂದಿಲ್ಲ. ನನ್ನ ಮಗನ್ನ ತಿಂದದ ಅದು. ನಾರಾಯಣಖೇಡದಾಂವಗ ಮಾರ್ತೀನಿ ಅಂತ ಮಾತು ಕೊಟ್ಟೀನಿ, ಬರ್ತಾನ, ಒಯ್ತಾನ."

"ಯಾವಾಗ ಬರ್ತಾನ?" ಲಚ್ಚಮ್ಮ ಕೇಳಿದಳು.

"ಅಮಾಸಿ ಆದ ಮ್ಯಾಲ."

"ಅಲ್ಲೀತನಕ ಓಣಿ ಮಂದಿ ಉಗುಳು ನುಂಗ್ಕೋತ ಕೂಡಬೇಕೇನು?"

ಗಾಡಿ ಯಾರನ್ನೂ ತಿಂದಿರಲಿಲ್ಲ. ತಾಂಡೂರಿನ ಫರಸಿ ಅಡ್ಡೆಯಲ್ಲಿ ನೆಲಕ್ಕೆ ಹಾಸುವ ಕಲ್ಲು ಹೇರಿಸಿಕೊಂಡು ಹೊರಟ ಜೈಪಾಲನಿಗೆ ಊರ ಹೊರಗೆ ಎದೆ ಹಿಡಿದಿತ್ತು. ಗಾಡಿಯನ್ನು ರಸ್ತೆಯ ಬದಿಗೆ ತಂದು, ಹ್ಯಾಂಡ್ ಬ್ರೇಕ್ ಎಳೆದು, ಅಲ್ಲೇ ಒರಗಿದ್ದ. ಮೂವತ್ತಮೂರು ವರ್ಷ.

ಅವನ ಹೆಂಡತಿ ಶಿಲ್ಪಾರಾಣಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ತವೆಯ ಮೇಲಿದ್ದುದನ್ನು ತಿರುವಿ ಹಾಕಿ, ಬೇಯಿಸಿ, ಬುಟ್ಟಿಗಿಟ್ಟಳು. ಒಲೆ ಆರಿಸಿದಳು. ಹಿಟ್ಟಿನ ಕೈಯನ್ನು ಒರಸಿಕೊಂಡು ಗೂಟದ ಮೇಲಿನ ಚಾವಿ ತೆಗೆದು ಬರಿಗಾಲಲ್ಲಿ ಹೊರಗೆ ಹೋದಳು. ಮೂರನೆಯ ಸಲಕ್ಕೆ ಇಂಜಿನ್ ಎದ್ದಿತು. ಗಾಡಿಯನ್ನು ಹಿಂದಕ್ಕೆ ತಂದು ಕರೆಂಟ್ ಕಂಬದ ಬದಿಗೆ ನಿಲ್ಲಿಸಿ, ಒಳಗೆ ಬಂದು, ಕೈ ತೊಳೆದು, ಮತ್ತೆ ಹಿಟ್ಟು ನಾದತೊಡಗಿದಳು.

ಹೊರಗೆ ಒಬ್ಬಳ ದನಿ ಕೇಳಿತು: "ಗಂಡ ಸತ್ತು ಅರ್ಧ ತಿಂಗಳಾಗಿಲ್ಲ, ಗಾಡಿ ಹತ್ತ್ಯಾಳ ನೋಡು."

ಲಚ್ಚಮ್ಮ ಬಾಗಿಲಿಗೆ ಹೋದಳು. "ನಿನ್ನ ಕೊಡ ತುಂಬ್ತಿಲ್ಲ? ಹಿಡಕೊಂಡು ನಡಿ."

ಒಳಗೆ ಮೊಗಲಪ್ಪ ಕೇಳಿದ: "ಯಾರನ್ನ ಕೇಳಿ ಚಾಲೂ ಮಾಡಿದಿ?"

"ನೀರು ಬೇಕಾಗಿತ್ತು ಮಾವ."

"ಖೇಡದಾಂವ ಬರೂತನಕ ಅದು ನಿಂತಲ್ಲೇ ನಿಂದ್ರಬೇಕು."

"ಖೇಡದಾಂವಗ ಬ್ಯಾಡ ಅಂತ ಹೇಳ್ರಿ. ಗಾಡಿ ನಿಮ್ಮ ಮಗನ ಹೆಸರಿಲೆ ಅದ. ಮಾರಬೇಕಂದ್ರ ನನ್ನ ಸಹಿ ಬೇಕು. ನಾ ಹಾಕೂದಿಲ್ಲ."

ಮೊಗಲಪ್ಪ ಮೂವತ್ತು ವರ್ಷ ರೇಷನ್ ಗೋದಾಮಿನಲ್ಲಿ ತೂಕದ ಕೆಲಸ ಮಾಡಿ ನಿವೃತ್ತನಾದವನು. ಎದುರು ಮಾತು ಕೇಳಿ ಅವನಿಗೆ ರೂಢಿಯಿರಲಿಲ್ಲ. ಸೊಸೆ ಬಂದು ಆರು ವರ್ಷವಾಗಿತ್ತು. ಒಮ್ಮೆಯೂ ಹೀಗೆ ಅಂದಿರಲಿಲ್ಲ.

"ಸಹಿ ಹಾಕದೆ ಏನ್ ಮಾಡ್ತಿ? ಪೂಜಿ ಮಾಡ್ತಿಯೇನು ಅದಕ್ಕ?"

"ಓಡಸ್ತೀನಿ. ಲೈಸೆನ್ಸ್ ಅದ. ಅವರೇ ಕಲಿಸಿ ಮಾಡಿಸ್ಯಾರ."

"ಕಲಬುರಗ್ಯಾಗ ಎಮ್ಮೆಸ್ಸಿ ಓದಿದಾಕಿ ಫರಸಿ ಹೊರ್ತಾಳಂತ!"

"ಹೊರೂದು ಗಾಡಿ. ಆಕಿ ಅಲ್ಲ" ಎಂದಳು ಲಚ್ಚಮ್ಮ, ರೊಟ್ಟಿಗೆ ಪುಂಡಿಪಲ್ಲೆ ಬಡಿಸುತ್ತ.

"ನೀ ನಡುವ ಬರಬ್ಯಾಡ. ಆ ಇಂಜಿನ್‌ನಾಗ ಜೀವ ಎಲ್ಲಿ ಅದ? ಜೈಪಾಲನೇ ಅಂತಿದ್ದ. ಮೊದಲು ಇನ್ನೂರು ಫೂಟು ಕಲ್ಲು ಹೇರ್ಕೊಂಡು ಓಡ್ಕೋತ ಬರ್ತಿತ್ತು, ಈಗ ಏರು ಬಂದ್ರ ಅಳ್ತದ ಅಂತ. ನಡುದಾರ್ಯಾಗ ನಿಂತ್ರ ನಿನ್ನ ಯಾರು ಹೋಗಿ ಕರ್ಕೊಂಡು ಬರಬೇಕು?"

"ನಿಲ್ಲೂದಿಲ್ಲ."

ಮೊಗಲಪ್ಪ ತಟ್ಟೆ ಸರಿಸಿದ. "ಆತು. ಅಮಾಸೀತನಕ ಟೈಮು. ಎಲ್ಲಾ ಪಿಕಪ್ಪಿನವರಂಗ ಇನ್ನೂರು ಫೂಟು ಹೇರ್ಕೊಂಡು ಬಾ. ಒಂದು ಸಲ ಏರಿನ್ಯಾಗ ನಿಂತ್ರೂ ಸಹಿ ಹಾಕಬೇಕು. ನಿಲ್ಲಲಿಲ್ಲಂದ್ರ ಖೇಡದಾಂವಗ ನಾನೇ ಬ್ಯಾಡ ಅಂತೀನಿ."

"ಆತ್ರಿ ಮಾವ."

"ಇದೇನು ಮನೀನೋ ಜೂಜಿನ ಅಡ್ಡಾನೋ!" ಎಂದು ಲಚ್ಚಮ್ಮ ಹಣೆ ಬಡಿದುಕೊಂಡಳು. ಇಬ್ಬರೂ ಅವಳ ಕಡೆ ನೋಡಲಿಲ್ಲ.

ಭಾನುವಾರ ಜೈಪಾಲನ ತಂಗಿ ಮನೀಷಾಗೆ ರಜೆ. ಅವಳು ಬಸ್‌ಸ್ಟ್ಯಾಂಡಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅತ್ತಿಗೆ-ನಾದಿನಿ ಸೇರಿ ಗಾಡಿ ತೊಳೆದರು. ಸೀಟಿನ ಹಿಂದೆ ಟವೆಲ್ಲಿನಲ್ಲಿ ಸುತ್ತಿದ ಒಂದು ಡಬ್ಬಿ ಸಿಕ್ಕಿತು. ಊಟದ ಡಬ್ಬಿಯಷ್ಟು ದೊಡ್ಡದು, ಕಪ್ಪು, ಒಂದು ಬದಿಗೆ ವೈರು, ಮೇಲೆ ಸೊನ್ನೆಯಿಂದ ಒಂಬತ್ತರ ತನಕ ತಿರುಗುವ ಗುಂಡಿ. ತಳದಲ್ಲಿ ಬಿಳಿ ಬಣ್ಣದಿಂದ ಬರೆದಿತ್ತು: ಸಾಯಪ್ಪ, ಯಾಲಾಲ್. ಕೆಳಗೆ ಫೋನ್ ನಂಬರು.

"ವೈನಿ, ಇದೇ ಅದು" ಎಂದಳು ಮನೀಷಾ. "ಅಣ್ಣ ಹೇಳ್ತಿದ್ದ, ಇಂಜಿನ್ನಿನ ಕಂಪ್ಯೂಟರ್ ಡಬ್ಬಿ ಅಂತ. ತಾಂಡೂರ ಕಡಿ ಹಳಿ ಪಿಕಪ್ಪಿನವರೆಲ್ಲ ಹಚ್ಚಿಸ್ಕೊಳ್ಳಾಕತ್ತಾರಂತ. ಮುದಿ ಇಂಜಿನ್ ಹರೇದ ಹುಡುಗನಂಗ ಎಳೀತದಂತ."

ಶಿಲ್ಪಾರಾಣಿ ಆ ನಂಬರಿಗೆ ಫೋನ್ ಹಚ್ಚಿದಳು.

"ನಾ ಮಣ್ಣಿಗಿ ಬಂದಿದ್ದೆ ತಂಗಿ, ನೀ ನೋಡಿರ್ಲಿಕ್ಕಿಲ್ಲ" ಎಂದ ಸಾಯಪ್ಪ. "ಹೌದು, ಡಬ್ಬಿ ನಂದೇ. ಹಳಿ ಗಾಡಿ ಮಾರುವಾಗ ಬಿಚ್ಚಿಟ್ಟಿದ್ದೆ. ಜೈಪಾಲ ಹಚ್ಚಿ ನೋಡ್ತೀನಿ ಅಂದ, ಕೊಟ್ಟೆ. ಏನೂ ಗಡಿಬಿಡಿ ಇಲ್ಲ, ಹಚ್ಚಿ ನೋಡು. ಗುಂಡಿ ಮೂರರ ಮ್ಯಾಲ ಒಯ್ಯಬ್ಯಾಡ ಅಷ್ಟೇ."

ಡಬ್ಬಿಯ ಜೊತೆಗೆ ಅದನ್ನು ಹಚ್ಚುವ ರೀತಿ ಬರೆದ ಒಂದು ಮಡಿಕೆಯ ಕಾಗದವಿತ್ತು. ಅವಳು ಅದನ್ನು ಎರಡು ಸಲ ಓದಿದಳು. ಬಾನೆಟ್ ಎತ್ತಿ, ಬ್ಯಾಟರಿಯ ಮೈನಸ್ ವೈರು ಬಿಚ್ಚಿ, ಇಂಜಿನ್ ಪಕ್ಕದ ಡೀಸೆಲ್ ಪೈಪಿನ ತುದಿಯಲ್ಲಿ ಒತ್ತಡ ಅಳೆಯುವ ಸೆನ್ಸರ್ ಎಲ್ಲಿದೆಯೆಂದು ಹುಡುಕಿದಳು. ಅದರ ಪ್ಲಗ್ಗು ಧೂಳು ಹಿಡಿದು ಕಚ್ಚಿಕೊಂಡಿತ್ತು. ಮನೀಷಾ ಮೊಬೈಲಿನ ಬೆಳಕು ಹಿಡಿದಳು.

"ಏನ್ ಮಾಡ್ತದ ವೈನಿ ಇದು?"

"ಡೀಸೆಲ್ ಎಷ್ಟು ಒತ್ತಿ ಬರಾಕತ್ತದ ಅಂತ ಈ ಸೆನ್ಸರ್ ಗಾಡಿ ಕಂಪ್ಯೂಟರಿಗಿ ಹೇಳ್ತದ. ಇದು ನಡುವ ಕೂತು, ಇಲ್ಲ ಕಡಿಮಿ ಅದ ಅಂತ ಹೇಳ್ತದ. ಆಗ ಅದು ಇನ್ನಷ್ಟು ಡೀಸೆಲ್ ಕಳಸ್ತದ."

"ಅಂದ್ರ ಸುಳ್ಳು ಹೇಳಿ ದುಡಿಸೂದು."

"ಹಂಗೇ."

"ನಮ್ಮ ಅಂಗಡಿ ಮಾಲಕನ ಕಂಪನ್ಯಾಗೇ ತಯಾರಾಗಿರಬೇಕು ಬಿಡ್ರಿ."

ಶಿಲ್ಪಾರಾಣಿ ನಗಲಿಲ್ಲ. ಪ್ಲಗ್ಗು ಕಳಚಿತು. ನಡುವೆ ಡಬ್ಬಿಯ ವೈರು ಸೇರಿಸಿ, ಬಿಸಿ ತಾಗದ ಹಾಗೆ ಬ್ಯಾಟರಿಯ ಪಕ್ಕಕ್ಕೆ ಬಿಗಿದು ಕಟ್ಟಿ, ಗುಂಡಿಯನ್ನು ಎರಡಕ್ಕೆ ಇಟ್ಟಳು. ಇಂಜಿನ್ ಎದ್ದಿತು. ಎಕ್ಸಲರೇಟರ್ ಒತ್ತಿದರೆ ದನಿ ಬೇರೆಯಾಗಿತ್ತು.

ಮೊಗಲಪ್ಪ ಅಂಗಳದಿಂದ ಕೂಗಿದ: "ಏನ್ರವ್ವಾ ಅದು? ಇನ್ನೊಬ್ಬರ ಸಾಮಾನು ಹಚ್ಚಿ ಗೆಲ್ಲೂದು ಷರತ್ತಿನ್ಯಾಗ ಇದ್ದಿಲ್ಲ."

"ಹಚ್ಚಬಾರದು ಅಂತನೂ ಇದ್ದಿಲ್ಲಲ್ಲ ಮಾವ."

ಸೋಮವಾರ ತಾಂಡೂರಿಗೆ ಹೋದಳು. ಅಡ್ಡೆಯ ಗುಮಾಸ್ತ ಸಮೀರ್ ಅವಳನ್ನು ಕಂಡು ಕುರ್ಚಿಯಿಂದ ಎದ್ದ. ಜೈಪಾಲ ಸತ್ತ ದಿನ ಅವನ ಫೋನಿನಿಂದ ಮನೆಗೆ ಸುದ್ದಿ ಹೇಳಿದವನು ಅವನೇ. ನೀರು ಕೊಟ್ಟ, ಚಹಾ ತರಿಸಿದ, ಚೀಟಿ ಪುಸ್ತಕ ತೆರೆದ.

"ಇನ್ನೂರು ಫೂಟು, ಭಾಭಿ?"

"ಹೂಂ."

ಫರಸಿ ವ್ಯಾಪಾರವೆಲ್ಲ ಫೂಟಿನ ಮೇಲೆ. ಕಲ್ಲಿನ ಉದ್ದ ಅಗಲ ಅಳೆದು, ಚದರದ ಲೆಕ್ಕದಲ್ಲಿ ಇಷ್ಟು ಫೂಟೆಂದು ಚೀಟಿ ಬರೆಯುತ್ತಾರೆ. ಮಾರುವುದೂ ಹಾಗೆ, ಬಾಡಿಗೆಯೂ ಹಾಗೆ. ಪಿಕಪ್ಪಿಗೆ ಇನ್ನೂರು ಎಂಬುದು ಯಾವ ಕಾಲದಿಂದಲೋ ನಡೆದು ಬಂದ ಲೆಕ್ಕ. ಹಮಾಲರು ಕಲ್ಲುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿ ಹಗ್ಗ ಬಿಗಿದರು. ಗಾಡಿಯ ಹಿಂಭಾಗ ತಗ್ಗಿತು.

ತಾಂಡೂರಿನಿಂದ ಜಹೀರಾಬಾದಿಗೆ ಬರುವ ದಾರಿಯಲ್ಲಿ ಏರು ಹೆಚ್ಚು. ಮೊದಲ ಏರಿನಲ್ಲಿ ಹಿಂದಿನ ಕನ್ನಡಿಯಲ್ಲಿ ಕಪ್ಪು ಹೊಗೆ ಬಿಟ್ಟು ಬೇರೇನೂ ಕಾಣಲಿಲ್ಲ. ಆದರೆ ಗಾಡಿ ಹತ್ತಿತು.

ಮನೆಗೆ ಬಂದಾಗ ಮೊಗಲಪ್ಪ ಅಂಗಳದಲ್ಲೇ ಇದ್ದ. "ನಿಂತಿತ್ತೇನು?"

"ಇಲ್ಲ."

ಮರುದಿನವೂ ಅದೇ ಪ್ರಶ್ನೆ, ಅದೇ ಉತ್ತರ. ಎರಡನೆಯ ವಾರದ ಹೊತ್ತಿಗೆ ಲಚ್ಚಮ್ಮ ಕೇಳದೆಯೇ ಬುತ್ತಿ ಕಟ್ಟತೊಡಗಿದಳು: ನಾಲ್ಕು ರೊಟ್ಟಿ, ಶೇಂಗಾ ಹಿಂಡಿ, ಒಂದು ಉಳ್ಳಾಗಡ್ಡಿ. "ಹಸದು ಗಾಡಿ ಹೊಡೀಬ್ಯಾಡ. ಅಂವನೂ ಹಸದೇ ಹೋಗಿದ್ದ" ಎಂದಳು ಒಮ್ಮೆ. ಶಿಲ್ಪಾರಾಣಿ ಬುತ್ತಿಯನ್ನು ಪಕ್ಕದ ಸೀಟಿನಲ್ಲಿಟ್ಟು ಬಾಗಿಲು ಹಾಕಿಕೊಂಡಳು.

ಗಾಡಿ ಮಾತ್ರ ದಿನದಿಂದ ದಿನಕ್ಕೆ ಹೆಚ್ಚು ಕೇಳುತ್ತಿತ್ತು. ಗುಂಡಿ ಎರಡರಿಂದ ಮೂರಕ್ಕೆ ಹೋಯಿತು. ಅಮಾವಾಸ್ಯೆಗೆ ಮೂರು ದಿನವಿರುವಾಗ ಅವಳು ಅದನ್ನು ಐದಕ್ಕೆ ತಿರುಗಿಸಿದಳು.

ಅಂದು ಮನೀಷಾ ಅಂಗಡಿಗೆ ರಜೆ ಹಾಕಿ ಜೊತೆಗೆ ಬಂದಿದ್ದಳು. ಏರಿನ ಅರ್ಧಕ್ಕೆ ಬಂದಾಗ ಇಂಜಿನ್ ಒಮ್ಮೆಲೇ ಕಿರುಚಿಕೊಂಡಿತು. ದನಿ ಏರಿತೇ ಹೊರತು ಗಾಡಿ ಮುಂದೆ ಹೋಗಲಿಲ್ಲ. ಸುಟ್ಟ ವಾಸನೆ ಒಳಗೆಲ್ಲ ತುಂಬಿತು.

"ವೈನಿ, ಬೆಂಕಿ!"

"ಬೆಂಕಿ ಅಲ್ಲ, ಕ್ಲಚ್ಚು. ಇಳಿ. ಗಾಲಿಗಿ ಕಲ್ಲು ಕೊಡು."

ಗಾಲಿಗೆ ಕಲ್ಲು ಕೊಟ್ಟರು. ಬಿಸಿಲು ನೆತ್ತಿಯ ಮೇಲಿತ್ತು. ಅಷ್ಟರಲ್ಲಿ ಮೊಗಲಪ್ಪನ ಫೋನು ಬಂತು. ಮನೀಷಾ ಅತ್ತಿಗೆಯ ಮುಖ ನೋಡಿದಳು: "ಊಟ ಮಾಡಾಕ ನಿಲ್ಸೀವಿ ಅಂತ ಹೇಳ್ಲೇನು?"

ಶಿಲ್ಪಾರಾಣಿ ಫೋನು ತೆಗೆದುಕೊಂಡಳು. "ನಿಂತದ್ರಿ ಮಾವ. ಏರಿನ್ಯಾಗ."

ಆ ಕಡೆಯಿಂದ ಮಾತು ಬಂತು. "ಇಬ್ಬರೂ ಛಲೋ ಇದ್ದೀರಿಲ್ಲ? ಆತು. ಬರ್ರಿ. ಕಾಗದ ತಯಾರ ಅವ."

"ಹೇಳಬಾರದಿತ್ತು ವೈನಿ" ಎಂದಳು ಮನೀಷಾ. ಅವಳ ಕಣ್ಣು ತುಂಬಿತ್ತು. "ಯಾರು ನೋಡಾಕ ಬಂದಿದ್ರು?"

ಶಿಲ್ಪಾರಾಣಿ ಗಾಡಿಯ ಹಿಂಭಾಗಕ್ಕೆ ನಡೆದಳು. ಭಾರ ಇಳಿಸಿ ನೋಡೋಣವೆಂದು ಹಿಂದಿನ ಹಲಗೆ ಬಿಚ್ಚಿ ಒಂದು ಕಲ್ಲಿಗೆ ಕೈ ಹಾಕಿದಳು. ಎರಡು ಫೂಟು ಉದ್ದ, ಎರಡು ಫೂಟು ಅಗಲ. ನಾಲ್ಕು ವರ್ಷದ ಹಿಂದೆ ಮನೆಯ ಅಂಗಳಕ್ಕೆ ಫರಸಿ ಹಾಕಿಸಿದಾಗ ಇದೇ ಅಳತೆಯ ಕಲ್ಲುಗಳನ್ನು ಅವಳೊಬ್ಬಳೇ ಎತ್ತಿ ಗೋಡೆಗೆ ಆನಿಸಿದ್ದಳು. ಇದು ಏಳಲಿಲ್ಲ. ಮನೀಷಾ ಬಂದು ಇನ್ನೊಂದು ತುದಿ ಹಿಡಿದಳು. ಆಗಲೂ ಮೊಣಕಾಲೆತ್ತರಕ್ಕೆ ಬಂದು ಕೈಜಾರಿತು.

"ನಿನ್ನ ಚೀಲದಾಗ ಸ್ಕೇಲು ಅದ ಏನು?"

"ಅದ. ಯಾಕ?"

ಅಂಚಿಗೆ ಸ್ಕೇಲು ಹಿಡಿದಳು. ಒಂದೂವರೆ ಇಂಚು. ಪಕ್ಕದ್ದು ಒಂದೂವರೆ. ಅದರಾಚೆಯದು ಒಂದೂವರೆಗಿಂತ ಒಂದು ಗೆರೆ ಹೆಚ್ಚು. ಅಂಗಳದ ಕಲ್ಲು ಒಂದೇ ಇಂಚಿನದು. ಸ್ಕೇಲು ಹಿಡಿದುಕೊಂಡೇ ಅವಳು ರಸ್ತೆಯ ಅಂಚಿನಲ್ಲಿ ಕೂತಳು.

"ಏನಾತು ವೈನಿ?"

"ಫೂಟು ಅಷ್ಟೇ ಅದ. ಕಲ್ಲು ಅಷ್ಟೇ ಇಲ್ಲ" ಎಂದಳು. "ಈಗೀಗ ಮಂದಿ ಗಾಡಿ ನಿಲ್ಸಾಕ, ದನದ ಕೊಟ್ಟಿಗಿಗಿ ದಪ್ಪ ಕಲ್ಲು ಕೇಳ್ತಾರ. ಇವರು ಅದನ್ನೂ ಇನ್ನೂರು ಫೂಟೇ ಹೇರ್ತಾರ. ಇಂಜಿನ್ ಮುದಿ ಆಗಿಲ್ಲ ಮನೀಷಾ. ಒಂದೂವರೆ ಗಾಡಿ ಭಾರ ಒಂದೇ ಗಾಡಿ ಹೊರಾಕತ್ತದ."

ಬಾನೆಟ್ ಎತ್ತಿ ಗುಂಡಿಯನ್ನು ಸೊನ್ನೆಗೆ ತಂದಳು. ಎರಡು ತಾಸು ಗಾಡಿ ಆರಲು ಬಿಟ್ಟು, ಮೊದಲ ಗೇರಿನಲ್ಲಿ ನಡೆಯುವ ಮನುಷ್ಯನ ವೇಗದಲ್ಲಿ ಏರು ದಾಟಿದಳು. ಜಹೀರಾಬಾದಿಗೆ ಬಂದು ಮೊದಲು ಹೋದದ್ದು ಗಾಡಿ ತೂಗುವ ಕಾಂಟಾಕ್ಕೆ. ಕಲ್ಲಿಳಿಸಿದ ಮೇಲೆ ಖಾಲಿ ಗಾಡಿಯನ್ನು ಮತ್ತೊಮ್ಮೆ ಅಲ್ಲೇ ತೂಗಿಸಿದಳು.

ಮನೆಯಲ್ಲಿ ಮೊಗಲಪ್ಪ ಮಾರಾಟದ ಮತ್ತು ಗಾಡಿಯ ಕಾಗದಗಳನ್ನು ಚಾಪೆಯ ಮೇಲಿಟ್ಟು, ಹಾರದಂತೆ ಕನ್ನಡಕದ ಡಬ್ಬಿ ಹೇರಿ, ಪಕ್ಕದಲ್ಲಿ ಪೆನ್ನಿಟ್ಟು ಕೂತಿದ್ದ.

"ಬಾ ವಾ. ನಿಂತದ ಅಂತ ನೀನೇ ಹೇಳಿದಿ. ಸುಳ್ಳು ಹೇಳಲಿಲ್ಲ, ಅದೊಂದು ಖುಷಿ ಆತು. ಕೂಡು, ಸಹಿ ಹಾಕು."

"ಆಕಿ ಮುಂಜಾನಿಂದ ಉಂಡಿಲ್ಲ" ಎಂದಳು ಲಚ್ಚಮ್ಮ.

"ಸಹಿ ಹಾಕಿ ಉಣ್ತಾಳ."

"ಉಂಡು ಹಾಕಿದ್ರ ಪೆನ್ನು ಓಡಿ ಹೋಗ್ತದೇನು?"

ಶಿಲ್ಪಾರಾಣಿ ಕೂರಲಿಲ್ಲ. ಕಾಂಟಾದ ಎರಡು ಚೀಟಿಗಳನ್ನು ಮಾವನ ಮುಂದಿಟ್ಟಳು. ಭಾರದ ಗಾಡಿ ಮೂರು ಸಾವಿರದ ಐನೂರಾ ಎಂಬತ್ತು ಕಿಲೊ. ಖಾಲಿ ಗಾಡಿ ಸಾವಿರದ ಏಳುನೂರಾ ಇಪ್ಪತ್ತು.

"ಏನಿದು?"

"ನೀವೇ ಓದ್ರಿ ಮಾವ. ತೂಕದ ಚೀಟಿ ನಿಮಗಿಂತ ಛಲೋ ಓದಾವ್ರು ಈ ಮನ್ಯಾಗ ಯಾರದಾರ?"

ಮೊಗಲಪ್ಪ ಕನ್ನಡಕ ಹಾಕಿಕೊಂಡ. ತುಟಿ ಅಲುಗಿಸುತ್ತ ಒಂದರಿಂದ ಇನ್ನೊಂದನ್ನು ಕಳೆದ. ಹದಿನೆಂಟುನೂರಾ ಅರವತ್ತು. ಅವನು ಸೊಸೆಯನ್ನು ನೋಡಿದ, ಮತ್ತೆ ಚೀಟಿ ನೋಡಿದ.

"ಈ ಗಾಡಿ ಎಷ್ಟು ಹೊರಬೇಕು?"

"ಕಾಗದ ನಿಮ್ಮ ಮುಂದೇ ಅವ. ಹನ್ನೆರಡುನೂರಾ ಐವತ್ತು."

"ಆರುನೂರು ಕಿಲೊ ಜಾಸ್ತಿ!" ಅವನ ದನಿ ಏರಿತು. "ಯಾವ ಕಳ್ಳ ಹೇರ್ದಾಂವ? ಗೋದಾಮಿನ್ಯಾಗ ಚೀಲಕ್ಕ ಎರಡು ಕಿಲೊ ಹೆಚ್ಚುಕಮ್ಮಿ ಆದ್ರ ನಾ ಲಾರಿ ನಿಲ್ಸಿ ಜಗಳ ಮಾಡೀನಿ. ಇಲ್ಲಿ ಹನ್ನೆರಡು ಚೀಲ ಅಕ್ಕಿ ಸುಮ್ಮ ಸುಮ್ಮನ ಹೊರಸ್ಯಾರ? ಎಷ್ಟು ದಿನದಿಂದ?"

"ಒಂದು ವರ್ಷದಿಂದ ಇರಬೇಕು. ಇಂಜಿನ್ ಸೋತದ ಅಂತ ಅವರು ಅಂದಿದ್ದು ಆಗಿಂದನೇ."

ಮೊಗಲಪ್ಪ ಎರಡೂ ಚೀಟಿಗಳನ್ನು ಪಕ್ಕಪಕ್ಕಕ್ಕೆ ಇಟ್ಟ. ಒಂದು ವರ್ಷ ಆ ಕಲ್ಲುಗಳನ್ನು ಇಳಿಸುವಾಗ ಹಮಾಲರ ಜೊತೆ ಕೈ ಹಚ್ಚುತ್ತಿದ್ದವನು ಅವನ ಮಗ.

"ಷರತ್ತು ಷರತ್ತೇ" ಎಂದಳು ಶಿಲ್ಪಾರಾಣಿ. "ಗಾಡಿ ನಿಂತದ. ಆದ್ರ ನಾ ಸಹಿ ಹಾಕೂದಿಲ್ಲ. ಬೇಕಾದ್ರ ಮಾತಿಗಿ ತಪ್ಪಿದಾಕಿ ಅನ್ರಿ, ಓಣಿ ತುಂಬ ಹೇಳ್ರಿ."

ಲಚ್ಚಮ್ಮ ತಟ್ಟೆ ತಂದು ಕಾಗದಗಳ ಮೇಲೆಯೇ ಇಟ್ಟಳು. "ಉಣ್ಣು. ಬ್ಯಾಳಿ ಆರ್ತದ."

ಮೊಗಲಪ್ಪ ತಟ್ಟೆಯನ್ನು ಎತ್ತಿ ಕಾಗದ ಎಳೆದುಕೊಳ್ಳಲಿಲ್ಲ. ಚೀಟಿಗಳನ್ನು ಮಡಿಸಿ ಅಂಗಿಯ ಕಿಸೆಗೆ ಹಾಕಿಕೊಂಡ. "ಕ್ಲಚ್ಚಿಗಿ ಎಷ್ಟು ದಿನ ಬೇಕು?"

"ಮೂರು ದಿನ."

"ನಾಲ್ಕನೇ ದಿನ ನಾನೂ ಬರ್ತೀನಿ ತಾಂಡೂರಿಗಿ."

"ಅಂದು ಖೇಡದಾಂವ ಬರ್ತಾನಲ್ಲ?" ಎಂದಳು ಲಚ್ಚಮ್ಮ.

"ಅಂವಗ ಫೋನ್ ಹಚ್ಚಿ ಕೊಡು ಮನೀಷಾ" ಎಂದ ಮೊಗಲಪ್ಪ. ಫೋನಿನಲ್ಲಿ ಅವನಾಡಿದ್ದು ಇಷ್ಟೇ: "ಸೌದಾ ಇಲ್ಲ. ಗಾಡಿ ಮನ್ಯಾಗ ಬೇಕಾಗ್ಯದ."

ನಾಲ್ಕನೆಯ ದಿನ ಅಡ್ಡೆಯಲ್ಲಿ ಸಮೀರ್ ಚೀಟಿ ನೋಡಿ ತಲೆ ಕೆರೆದುಕೊಂಡ.

"ಚಾಚಾ, ಫರಸಿ ಧಂದಾ ಫೂಟಿನ ಮ್ಯಾಲ ನಡೀತದ. ತೂಗಾಕ ಇದೇನು ಸೋನಾ?"

"ಸೋನಾ ಇದ್ದಿದ್ರ ನೀನೇ ತೂಗ್ತಿದ್ದಿ" ಎಂದ ಮೊಗಲಪ್ಪ.

"ನಾ ಮೋಸ ಮಾಡಿಲ್ಲ. ಅಲ್ಲಾನ ಆಣಿ. ದಪ್ಪ ಬರಿಯಾಕ ಚೀಟ್ಯಾಗ ಜಾಗಾನೇ ಇಲ್ಲ ನೋಡ್ರಿ." ಅವನು ಪುಸ್ತಕ ತಿರುಗಿಸಿ ತೋರಿಸಿದ. ನಿಜವಾಗಿಯೂ ಇರಲಿಲ್ಲ. ಉದ್ದ, ಅಗಲ, ಫೂಟು, ಗಾಡಿ ನಂಬರು.

"ಈ ದಪ್ಪದ್ದು ನೂರಾ ಮೂವತ್ತು ಫೂಟು ಹೇರ್ರಿ ಸಮೀರ್ ಭಾಯಿ" ಎಂದಳು ಶಿಲ್ಪಾರಾಣಿ. "ಬಾಡಿಗಿ ತೂಕದ ಮ್ಯಾಲ. ಕಾಂಟಾ ಚೀಟಿ ನಾನೇ ತರ್ತೀನಿ."

ಸಮೀರ್ ಮಾಲಕನಿಗೆ ಫೋನ್ ಮಾಡಿದ. ಕಿವಿಯಿಂದ ಫೋನನ್ನು ಸ್ವಲ್ಪ ದೂರ ಹಿಡಿದು ಕೇಳಿ, ಇಟ್ಟ. "ಒಲ್ಲೆ ಅಂದ್ರ ಹಿಂದಿನ ಗಾಡಿಗಿ ಹೇರು ಅಂತಾರ ಭಾಭಿ. ನನ್ನ ಕೈಯಾಗ ಇಲ್ಲ."

"ಹೇರ್ರಿ."

ಸಾಲಿನಲ್ಲಿ ಅವಳ ಹಿಂದಿನ ಗಾಡಿಯವನು ಇಳಿದು ಬಂದಿದ್ದ. ಧಾರೂರಿನ ಕಡೆಯ ದಪ್ಪ ಮೀಸೆಯವನು. ಮೊಗಲಪ್ಪನ ಕೈಯಿಂದ ಚೀಟಿ ಇಸಿದುಕೊಂಡು ಬೆರಳಿಟ್ಟು ಓದಿದ. "ಇದು ಇನ್ನೂರು ಫೂಟಿಂದಾ?"

"ಇನ್ನೂರು ಫೂಟಿಂದೇ."

"ಎರಡು ಕ್ಲಚ್ ಪ್ಲೇಟು ತಿಂದದ ನಂದು. ನಾ ಮಿಸ್ತ್ರಿಗಿ ಬೈಕೋತ ಬಂದೀನಿ." ಅವನು ಹೋಗಿ ತನ್ನ ಗಾಡಿಯ ಇಂಜಿನ್ ಬಂದ್ ಮಾಡಿದ. ಅದರ ಹಿಂದಿನವನು ಏನಾಯಿತೆಂದು ಕೇಳಲು ಇಳಿದ.

"ಎಲ್ಲಾರೂ ಹಿಂಗ ಮಾಡಿದ್ರ ನಾ ಯಾರಿಗಿ ಹೇರ್ಲಿ?" ಎಂದ ಸಮೀರ್.

"ಅದೇ ಮಾತು ಫೋನಿನ್ಯಾಗ ಹೇಳ್ರಿ" ಎಂದು ಶಿಲ್ಪಾರಾಣಿ ಗಾಡಿ ಹತ್ತಿದಳು. "ನಾಳಿ ಬರ್ತೀನಿ. ನಾಡಿದ್ದೂ ಬರ್ತೀನಿ."

ಖಾಲಿ ಗಾಡಿ ಜಿಗಿಯುತ್ತ ಹೋಯಿತು. ಊರಿನ ಕಡೆಗೆ ಹೊರಳುವ ಬದಲು ಅವಳು ಯಾಲಾಲಿನ ದಾರಿ ಹಿಡಿದಳು. ಸಾಯಪ್ಪ ಮನೆಯ ಮುಂದೆ ತೊಗರಿ ಚೀಲದ ಬಾಯಿ ಹೊಲಿಯುತ್ತಿದ್ದ. ಬಾಜು ಸೀಟಿನ ಮುದುಕನನ್ನು ಕಂಡು ಸೂಜಿ ಬಿಟ್ಟು ಎದ್ದ.

"ಇಳೀರಿ, ಚಾ ಕುಡೀರಿ."

ಅವಳು ಬಾನೆಟ್ ಎತ್ತಿದಳು. ಬ್ಯಾಟರಿಯ ವೈರು ಬಿಚ್ಚಿ, ಡಬ್ಬಿಯ ಪ್ಲಗ್ಗು ಕಳಚಿ, ಸೆನ್ಸರಿಗೆ ಅದರ ಹಳೆಯ ಪ್ಲಗ್ಗನ್ನೇ ಮತ್ತೆ ಕೂಡಿಸಿದಳು. ಸಾಯಪ್ಪ ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಯಾಕ ತಂಗಿ, ಎಳೀಲಿಲ್ಲೇನು?"

"ಛಲೋ ಎಳೀತು. ಇದು ಇದ್ರ ಮತ್ತ ಇನ್ನೂರು ಫೂಟೇ ಹೇರ್ತಾರ."

"ಇರ್ಲಿ ಬಿಡು, ನನಗೇನು ಕೆಲಸಕ್ಕ ಬರೂದಿಲ್ಲ. ಅಂವಗ ಕೊಟ್ಟಿದ್ದು ಕೊಟ್ಟಂಗೇ."

"ಕೊಟ್ಟಿದ್ದಿಲ್ಲ. ಅವರು ನೋಡಾಕ ಕೇಳಿ ತಂದಿದ್ರು."

ಸೆರಗಿನಿಂದ ಡಬ್ಬಿಯ ಎಣ್ಣೆ ಒರಸಿ, ವೈರನ್ನು ಸುತ್ತಿ, ಅವಳು ಅದನ್ನು ಎರಡೂ ಕೈಯಿಂದ ಅವನ ಮುಂದೆ ಹಿಡಿದಳು. ಸಾಯಪ್ಪ ಗಾಡಿಯಲ್ಲಿದ್ದ ಮೊಗಲಪ್ಪನ ಕಡೆ ನೋಡಿದ. ಮೊಗಲಪ್ಪ ಕಿಟಕಿಯಿಂದ ಕೈ ಬೀಸಿದ: "ತಗೋ ಮಾರಾಯ. ಆಕಿ ಜೋಡಿ ವಾದಾ ಮಾಡಿ ನಾನೇ ಸೋತೀನಿ."

ಸಾಯಪ್ಪ ಕೈ ಚಾಚಿ ತೆಗೆದುಕೊಂಡ.

"ನೋಡಿ ಆತ್ರಿ ಅಣ್ಣ" ಎಂದಳು ಶಿಲ್ಪಾರಾಣಿ. "ಸ್ವಲ್ಪ ತಡ ಆತು."